ಮೊದಲು ಸಂತೆ, ಆಮೇಲೆ ಸಾರು

ಮಗಳೇ,

ಏನೇನು ಕೊಳ್ಳಬೇಕು ಅಂತ ಪಟ್ಟಿ ಕೇಳಿದ್ದೀಯ. ಹೊಸ ಸಂಸಾರ, ಹೊಸ ಅಡುಗೆಮನೆ. ನೆಲಕ್ಕೂ ನೀರಿಗೂ ಹೊರೆಯಾಗದ ಊಟ ರೂಢಿ ಮಾಡಿಕೊಳ್ಳಬೇಕು ಅಂತ ನೀವಿಬ್ಬರೂ ಕೂತು ಮಾತಾಡಿಕೊಂಡಿದ್ದೀರಂತೆ. ಬಹಳ ಸಂತೋಷ. ಆದರೆ ಪಟ್ಟಿ ಕಳಿಸಲ್ಲ ಕಣೇ. ನೀನು ಬರೆದ ಕೀನ್ವಾದ ತವರು ಪೆರು, ಬೊಲಿವಿಯಾ. ಬಾದಾಮಿ ಹಾಲು ಅಂದೆಯಲ್ಲ, ನಮ್ಮ ದೇಶಕ್ಕೆ ಹೊರಗಿಂದ ಬರುವ ಬಾದಾಮಿಯಲ್ಲಿ ಹೆಚ್ಚಿನದು ಕ್ಯಾಲಿಫೋರ್ನಿಯಾದ್ದು. ಭೂಮಿಯ ಹೊರೆ ಇಳಿಸೋಕೆ ಅಂತ ಇದನ್ನೆಲ್ಲ ಹಡಗಿನಲ್ಲಿ ತರಿಸಿಕೊಳ್ಳುವುದು ಯಾವ ನ್ಯಾಯವೋ ನನಗೆ ತಿಳಿಯದು.

ನೆಲಕ್ಕೆ ಹೊರೆಯಾಗದ ಊಟಕ್ಕೆ ಹೊಸದಾಗಿ ಕೊಳ್ಳಬೇಕಾದದ್ದು ಬಹಳ ಕಡಿಮೆ. ಬದಲಾಗಬೇಕಾದದ್ದು ಯೋಚನೆ ಮಾಡುವ ಕ್ರಮ. ನಮ್ಮಮ್ಮ ಬೆಳಿಗ್ಗೆ ಎದ್ದು ‘ಇವತ್ತು ಏನು ಸಾರು ಮಾಡಲಿ’ ಅಂತ ತಲೆ ಕೆಡಿಸಿಕೊಂಡಿದ್ದನ್ನು ನಾನು ಕಾಣೆ. ಹಿತ್ತಲಲ್ಲಿ ಯಾವುದು ಬಲಿತಿದೆ, ಹೊಲದಿಂದ ಬಂದವರ ಮಡಿಲಲ್ಲಿ ಯಾವ ಸೊಪ್ಪಿದೆ, ಸಂತೆ ಮುಗಿಯುವ ಹೊತ್ತಿಗೆ ಯಾವುದು ಅಗ್ಗವಾಗಿದೆ, ಅದೇ ಅವತ್ತಿನ ಸಾರು. ಮೊದಲು ಸಂತೆ, ಆಮೇಲೆ ಸಾರು. ನಿಮ್ಮ ಕಾಲದಲ್ಲಿ ಇದು ಹಿಂದುಮುಂದಾಗಿದೆ. ಏನು ತಿನ್ನಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತೆ, ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಹುಡುಗ ತಂದುಕೊಡುತ್ತಾನೆ. ಹನ್ನೆರಡು ತಿಂಗಳೂ ಅದೇ ಟೊಮೆಟೊ, ಅದೇ ದಪ್ಪ ಮೆಣಸಿನಕಾಯಿ, ಅದೇ ಹೂಕೋಸು. ಕಾಲವಲ್ಲದ ಕಾಲದಲ್ಲಿ ಅವು ಸಿಗಬೇಕಾದರೆ ಯಾರೋ ಹೆಚ್ಚು ನೀರು ಹರಿಸಬೇಕು, ಹೆಚ್ಚು ಔಷಧಿ ಹೊಡೆಯಬೇಕು, ಇನ್ನೊಂದು ರಾಜ್ಯದಿಂದ ಲಾರಿ ಓಡಿಸಬೇಕು, ಕೋಲ್ಡ್ ಸ್ಟೋರೇಜಿಗೆ ಕರೆಂಟು ಸುಡಬೇಕು. ನಿನ್ನ ಕೈಗೆ ಬರುವಾಗ ಇದ್ಯಾವುದೂ ಕಾಣುವುದಿಲ್ಲ. ಬೆಲೆ ಮಾತ್ರ ಕಾಣುತ್ತೆ, ಅದನ್ನೂ ನೀನು ಸರಿಯಾಗಿ ನೋಡುವುದಿಲ್ಲ ಅಂತ ನಿಮ್ಮಮ್ಮ ಹೇಳುತ್ತಿದ್ದಳು.

ಟೊಮೆಟೊ ವಿಚಾರವನ್ನೇ ತಗೋ. 2023ರ ಜುಲೈನಲ್ಲಿ ಕೆಜಿಗೆ ನೂರು ರೂಪಾಯಿ ದಾಟಿ ಹೋಯಿತಲ್ಲ, ಪೇಪರಿನ ತುಂಬ ಅದೇ ಸುದ್ದಿ. ಅದೇ ಟೊಮೆಟೊ ಬೆಲೆ ಕೋಲಾರದ ಮಾರುಕಟ್ಟೆಯಲ್ಲಿ ಬಿದ್ದಾಗ ರೈತರು ಕ್ರೇಟುಗಟ್ಟಲೆ ರಸ್ತೆಗೆ ಸುರಿದು ಹೋಗುವುದನ್ನೂ ಎಷ್ಟು ಸಲ ನೋಡಿಲ್ಲ? ಏರಿದಾಗ ಬೊಬ್ಬೆ, ಇಳಿದಾಗ ಯಾರಿಗೂ ಗೊತ್ತೇ ಆಗುವುದಿಲ್ಲ. ಆ ಜುಲೈನಲ್ಲಿ ನಮ್ಮ ಮನೆಯಲ್ಲಿ ಸಾರಿಗೇನೂ ಕೊರತೆಯಾಗಲಿಲ್ಲ. ಹುಳಿಗೆ ಟೊಮೆಟೊ ಒಂದೇ ಗತಿ ಅಂತ ಯಾರು ಹೇಳಿದ್ದು? ನಮ್ಮ ತುಮಕೂರು ಸೀಮೆಯ ಹುಣಸೆಹಣ್ಣು ಡಬ್ಬದಲ್ಲಿ ವರ್ಷವಿಡೀ ಕೂತಿರುತ್ತೆ. ಯುಗಾದಿ ಹೊತ್ತಿಗೆ ಮಾವಿನಕಾಯಿ ಬರುತ್ತೆ. ಚಳಿಗಾಲಕ್ಕೆ ನೆಲ್ಲಿಕಾಯಿ. ಯಾವಾಗಲೂ ಮನೆಯಲ್ಲಿರುವ ಹುಳಿ ಮಜ್ಜಿಗೆ, ನಿಂಬೆಹಣ್ಣು. ಕರಾವಳಿಯ ನಿನ್ನ ಅತ್ತೆಮನೆ ಕಡೆಗಾದರೆ ಇನ್ನೂ ಮೇಲು: ಪುನರ್ಪುಳಿ, ಬಿಂಬುಳಿ, ಅಮಟೆಕಾಯಿ. ಒಂದೊಂದು ಹುಳಿಗೆ ಒಂದೊಂದು ರುಚಿ. ಅಮಟೆಕಾಯಿ ಹಾಕಿದ ಸಾರು ಹುಣಸೆಹಣ್ಣಿನ ಸಾರಿನ ಹಾಗಿರುವುದಿಲ್ಲ, ಇರಲೂ ಬಾರದು. ಇಷ್ಟೊಂದು ಹುಳಿಯನ್ನು ಬಿಟ್ಟು ಒಂದೇ ಕೆಂಪು ಹಣ್ಣಿಗೆ ಜೋತುಬಿದ್ದದ್ದರಿಂದ ನಮ್ಮ ನಾಲಿಗೆಗೂ ನಷ್ಟ, ರೈತನಿಗೂ ನಷ್ಟ.

ಅದಕ್ಕೇ ಹೇಳುವುದು, ವಾರಕ್ಕೊಂದು ಸಲವಾದರೂ ಖಾಲಿ ಚೀಲ ಹಿಡಿದು, ಖಾಲಿ ಮನಸ್ಸು ಮಾಡಿಕೊಂಡು ಮಾರ್ಕೆಟ್ಟಿಗೆ ಹೋಗು. ಯಾವ ತರಕಾರಿ ಗುಡ್ಡೆ ಬಿದ್ದಿದೆ ನೋಡು. ಒಂದು ರಾಶಿ ದೊಡ್ಡದಾಗಿದೆ, ಮಾರುವವಳು ಕೂಗಿ ಕೂಗಿ ಕರೆಯುತ್ತಿದ್ದಾಳೆ ಅಂದರೆ ಅದರ ಕಾಲ ಬಂದಿದೆ ಅಂತ ಲೆಕ್ಕ. ಕೆ.ಆರ್. ಮಾರ್ಕೆಟ್ಟಿಗೇ ಹೋಗಬೇಕು ಅಂತೇನಿಲ್ಲ. ನಿಮ್ಮ ಬೀದಿಗೆ ಬರುವ ಸೊಪ್ಪಿನವಳು, ತಳ್ಳುಗಾಡಿಯವನು, ಹತ್ತಿರದ ಹಾಪ್‌ಕಾಮ್ಸ್ ಸಾಕು. ಧನುರ್ಮಾಸದ ಚಳಿಯಲ್ಲಿ ಅವರೆಕಾಯಿ ಬಂದಾಗ ಬೆಂಗಳೂರಿನವರು ವಿ.ವಿ. ಪುರದಲ್ಲಿ ಮೇಳವನ್ನೇ ಕಟ್ಟಿಬಿಟ್ಟರು, ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಊರು ಅಷ್ಟು ದೊಡ್ಡದಾದರೂ ಕಾಲದ ಆಸೆ ಸತ್ತಿಲ್ಲ ನೋಡು. ಅವರೆಕಾಯಿ ಕೊಳ್ಳುವಾಗ ಮೂಗಿನ ಹತ್ತಿರ ಹಿಡಿ. ಸೊನೆ ಇರಬೇಕು, ಬೆರಳಿಗೆ ಅಂಟಬೇಕು, ಕೈ ತೊಳೆದರೂ ವಾಸನೆ ಹೋಗಬಾರದು. ಆ ವಾಸನೆ ಫೋನಿನಲ್ಲಿ ಬರುವುದಿಲ್ಲ. ಎರಡು ಮೂರು ತಿಂಗಳು ಉಪ್ಪಿಟ್ಟಿಗೂ ಅದೇ, ಸಾರಿಗೂ ಅದೇ, ಹಿತಕಿದಬೇಳೆಗೂ ಅದೇ. ಸಾಕಪ್ಪಾ ಸಾಕು ಅನ್ನುವ ಹೊತ್ತಿಗೆ ಅದರ ಕಾಲ ಮುಗಿದಿರುತ್ತೆ. ಮುಂದಿನ ವರ್ಷದ ತನಕ ಕಾಯಬೇಕು. ಕಾಯುವುದೂ ರುಚಿಯ ಒಂದು ಪಾಲು ಅನ್ನುವುದು ಈಗಿನವರಿಗೆ ಹೇಳಿ ನಂಬಿಸುವುದು ಕಷ್ಟ.

ಹಲಸು ತರೋಕೆ ಹೆದರಬೇಡ. ಇಬ್ಬರಿಗೆ ಇಷ್ಟು ದೊಡ್ಡ ಹಣ್ಣು ಏನು ಮಾಡೋದು ಅಂತ ನೀನು ಕೇಳುತ್ತೀಯ ಅಂತ ಗೊತ್ತು. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ಎರಡೂವರೆ ಕೆಜಿ ಆಸುಪಾಸು ತೂಗುತ್ತೆ, ಒಳಗೆ ತಾಮ್ರದ ಬಣ್ಣದ ತೊಳೆ. ಚಿಕ್ಕ ಸಂಸಾರಕ್ಕೆ ಅಂತಲೇ ಹುಟ್ಟಿದ ಹಾಗಿದೆ. ಹಲಸಿನ ಮರಕ್ಕೆ ಯಾರೂ ಔಷಧಿ ಹೊಡೆಯುವುದಿಲ್ಲ, ಬೇರೂರಿದ ಮೇಲೆ ನೀರೂ ಕಟ್ಟುವುದಿಲ್ಲ. ಬೀಜ ಎಸೆಯಬೇಡ, ಒಣಗಿಸಿಟ್ಟುಕೊಂಡರೆ ಮಳೆಗಾಲದಲ್ಲಿ ಸಾರಿಗೆ ಆಗುತ್ತೆ.

ಇನ್ನು ರಾಗಿ. ಇದರಲ್ಲಿ ಸ್ವಲ್ಪ ಉದ್ದ ಮಾತಾಡುತ್ತೇನೆ, ಸಹಿಸಿಕೋ.

ರಾಗಿ ಮಳೆ ನಂಬಿದ ಬೆಳೆ. ಪೈರು ನಿಂತ ಮೇಲೆ ನಾಲ್ಕಾರು ಹದ ಮಳೆಯಾದರೆ ತೆನೆ ಕಟ್ಟುತ್ತೆ. ಮಧ್ಯೆ ಮಳೆ ಕೈಕೊಟ್ಟರೂ ಮುದುಡಿಕೊಂಡು ಕಾದು, ಒಂದು ಹನಿ ಬಿದ್ದರೆ ಮತ್ತೆ ಎದ್ದು ನಿಲ್ಲುತ್ತೆ. ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಬೇಕು. ನೀರು ನಿಂತ ಕೆಸರಿಗೆ ಗಾಳಿಯಾಡದೆ ಮೀಥೇನ್ ಅನಿಲ ಹುಟ್ಟುತ್ತೆ, ಅದು ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡನ್ನು ಎಷ್ಟೋ ಪಟ್ಟು ಮೀರಿಸುತ್ತೆ. ದೇಹಕ್ಕೂ ಅಷ್ಟೇ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇಷ್ಟಾದರೂ ಅನ್ನ ಬಿಡು ಅಂತ ನಾನು ಹೇಳುವವಳಲ್ಲ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ, 1965-66ರ ಬರದಲ್ಲಿ, ದೇಶಕ್ಕೆ ಅಮೆರಿಕದ ಗೋಧಿ ಹಡಗಿನಲ್ಲಿ ಬರಬೇಕಾಯಿತು. ನಮ್ಮ ಕಡೆ ಅನ್ನ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ. ಆಗ ನಾವು ಮುದ್ದೆ ತಿಂದದ್ದು ನೆಲದ ಮೇಲಿನ ಪ್ರೀತಿಗಲ್ಲ, ಬೇರೆ ಏನೂ ಇರಲಿಲ್ಲ. ಆ ಬಡತನವನ್ನು ಈಗ ಯಾರಾದರೂ ಚಂದ ಮಾಡಿ ಹೇಳಿದರೆ ನನಗೆ ಸಿಟ್ಟು ಬರುತ್ತೆ. ಬೇಕಾದಷ್ಟು ಅಕ್ಕಿ ಸಿಗುವಾಗಲೂ ಮೂರು ಹೊತ್ತಿನಲ್ಲಿ ಒಂದು ಹೊತ್ತು ರಾಗಿ ತಿನ್ನುವುದು ಬೇರೆ ಮಾತು. ನಾನು ಹೇಳುತ್ತಿರುವುದು ಅದನ್ನು.

ರಾಗಿಯನ್ನು ನಮ್ಮಜ್ಜ ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಇಷ್ಟು ಸಾಲು ರಾಗಿ, ಒಂದು ಸಾಲು ಅಕ್ಕಡಿ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಬದುವಿನ ಹತ್ತಿರ ಹರಳು. ಕಾಳಿನ ಬೇರು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತೆ. ರಾಗಿ ಕೈಕೊಟ್ಟ ವರ್ಷ ಅವರೆಯಾದರೂ ಕೈಹಿಡಿಯುತ್ತೆ. ಮುದ್ದೆ, ಸಾರಿನ ಕಾಳು, ಒಗ್ಗರಣೆಯ ಎಣ್ಣೆ, ದನಕ್ಕೆ ಹುಲ್ಲು, ಎಲ್ಲ ಒಂದೇ ಹೊಲದಲ್ಲಿ. ನೀನು ತಟ್ಟೆಯಲ್ಲಿ ಮುದ್ದೆ ಜೊತೆ ಹುರುಳಿಕಟ್ಟು, ಅವರೆಕಾಳು ಹಾಕಿಕೊಂಡರೆ ಅಕ್ಕಡಿ ಬಿತ್ತುವ ರೈತನಿಗೆ ಗಿರಾಕಿಯಾದೆ ಅಂತ ಅರ್ಥ. ತಿನ್ನುವವರು ಕಾಳು ಬಿಟ್ಟರೆ ಅವನೂ ಸಾಲು ಬಿಡುತ್ತಾನೆ.

ಒಂದು ಅಡ್ಡಮಾತು. ‘ನಮ್ಮ ರಾಗಿ, ನಮ್ಮ ರಾಗಿ’ ಅಂತ ನಾವೆಲ್ಲ ಎದೆ ತಟ್ಟಿಕೊಳ್ಳುತ್ತೇವಲ್ಲ, ಅದರ ಮೂಲ ಆಫ್ರಿಕಾದ ಎತ್ತರದ ಸೀಮೆ. ಇನ್ನೂ ಕೇಳು: ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ‘ಇಂಡಾಫ್’ ಅನ್ನುವ ತಳಿಗಳನ್ನು ಕೊಟ್ಟು ಇಳುವರಿ ಹೆಚ್ಚಿಸಿದವರು ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಮೆಣಸಿನಕಾಯಿ, ಆಲೂಗೆಡ್ಡೆ, ಕಡಲೆಕಾಯಿ, ಸೀಮೆಬದನೆ ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಆದ್ದರಿಂದ ಹೊರಗಿನದು ಅಂದಮಾತ್ರಕ್ಕೆ ಮೂಗು ಮುರಿಯಬೇಡ. ನಮ್ಮ ನೆಲದಲ್ಲಿ, ನಮ್ಮ ಮಳೆಯಲ್ಲಿ ಸಲೀಸಾಗಿ ಬೆಳೆಯುತ್ತದೆಯೋ ಇಲ್ಲವೋ, ಅಷ್ಟು ಕೇಳಿದರೆ ಸಾಕು.

ರಾಗಿಯ ಇನ್ನೊಂದು ಗುಣ ಅದರ ಬಾಳಿಕೆ. ನಮ್ಮೂರಲ್ಲಿ ಹಗೇವು ಇದ್ದವು. ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ಗುಂಡಿ. ರಾಗಿ ತುಂಬಿ ಬಾಯಿಗೆ ಹುಲ್ಲು, ಕಲ್ಲು, ಮಣ್ಣು ಮೆತ್ತಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಒಳಗೆ ಗಾಳಿಯೇ ಇಲ್ಲದ ಮೇಲೆ ಹುಳ ಬದುಕುವುದು ಹೇಗೆ? ಹಗೇವು ತೆಗೆದ ದಿನ ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿ ದೀಪ ಇಳಿಸುವರು. ದೀಪ ಆರಿದರೆ ಇನ್ನೂ ಹೊತ್ತು ಕಾಯಬೇಕು, ಉರಿದರೆ ಆಳು ಇಳಿಯಬಹುದು. ಬಿಸಿಲಿಗೆ ಹಾಕದೆ, ಕರೆಂಟು ಖರ್ಚಿಲ್ಲದೆ ಧಾನ್ಯ ಕಾಯ್ದ ರೀತಿ ಅದು. ನಿಮ್ಮ ನಾಲ್ಕನೇ ಮಹಡಿಯಲ್ಲಿ ಹಗೇವು ತೋಡೋಕೆ ಆಗಲ್ಲ, ಬಿಡು. ಆದರೆ ರಾಗಿಯನ್ನು ಕಾಳಾಗಿಯೇ ಇಟ್ಟುಕೋ, ತಿಂಗಳಿಗೆ ಬೇಕಾದಷ್ಟು ಮಾತ್ರ ಗಿರಣಿಗೆ ಹಾಕಿಸು. ಹಿಟ್ಟು ಹೆಚ್ಚು ದಿನ ಇಟ್ಟರೆ ಕಹಿಯಾಗುತ್ತೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಆಚರಿಸಿದ ಮೇಲೆ ಅಂಗಡಿಯ ತುಂಬ ರಾಗಿ ಬಿಸ್ಕತ್ತು, ರಾಗಿ ನೂಡಲ್ಸು, ರಾಗಿ ಚಿಪ್ಸು. ಕೊಳ್ಳುವ ಮುಂಚೆ ಪೊಟ್ಟಣ ತಿರುಗಿಸಿ ಹಿಂಭಾಗದ ಸಣ್ಣಕ್ಷರ ಓದು. ಯಾವುದು ಹೆಚ್ಚು ತೂಕವಿದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ಕಾನೂನು. ಎಷ್ಟೋ ‘ರಾಗಿ’ ಬಿಸ್ಕತ್ತಿನಲ್ಲಿ ಮೊದಲು ಗೋಧಿ ಹಿಟ್ಟೋ ಮೈದಾವೋ ಇರುತ್ತೆ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ರಾಗಿ ಎಲ್ಲೋ ಹಿಂದೆ ನಿಂತಿರುತ್ತೆ, ಮುಂದೆ ಮಾತ್ರ ಅದರ ಫೋಟೋ. 2025-26ಕ್ಕೆ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕೆಜಿಗೆ ಐವತ್ತು ರೂಪಾಯಿಯೂ ಇಲ್ಲ. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಬಿಸ್ಕತ್ತಿನ ಬೆಲೆ ನೋಡು, ಯಾರ ಹೊಟ್ಟೆ ತುಂಬುತ್ತಿದೆ ಅಂತ ನಿನಗೇ ಗೊತ್ತಾಗುತ್ತೆ.

ಬಿಸ್ಕತ್ತಿನಲ್ಲಿ ತಾಳೆ ಎಣ್ಣೆ ಅಂದೆನಲ್ಲ, ಎಣ್ಣೆಯ ವಿಚಾರವೂ ಹೇಳಬೇಕು. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಯಿತು, ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆ ರಫ್ತು ನಿಲ್ಲಿಸಿದಾಗ ಅದೂ ತುಟ್ಟಿಯಾಯಿತು. ಪಾವಗಡ, ಶಿರಾ, ಚಳ್ಳಕೆರೆ ಕಡೆಯ ಕಡಲೆಕಾಯಿ ಪಕ್ಕದಲ್ಲೇ ಇರುವಾಗ ನಮ್ಮ ಒಗ್ಗರಣೆ ಅಷ್ಟು ದೂರದ ಯುದ್ಧಕ್ಕೆ ಕಾಯುತ್ತಿತ್ತು. ಗಾಣದ ಎಣ್ಣೆಗೆ ಬೆಲೆ ಜಾಸ್ತಿ, ನಿಜ. ಅದಕ್ಕೆ ಉಪಾಯ ಒಂದೇ: ಕಡಿಮೆ ಬಳಸು. ಬೋಂಡ, ಹಪ್ಪಳ ಮಳೆ ಬಂದ ದಿನಕ್ಕಿರಲಿ.

ದಿನದ ಅಡುಗೆಗೆ ಬಸ್ಸಾರಿಗಿಂತ ಜಾಣತನದ್ದು ನನಗೆ ಕಂಡಿಲ್ಲ. ನಿನಗೆ ಬರುತ್ತೆ ಅಂದುಕೊಂಡಿದ್ದೆ, ಬರುವುದಿಲ್ಲವಂತೆ. ಹೇಳುತ್ತೇನೆ ಬರೆದುಕೋ. ರಾತ್ರಿ ನೆನೆಸಿದ ಅಲಸಂದೆಯೋ ಹುರುಳಿಯೋ, ಎರಡು ಹಿಡಿ ಸಾಕು. ಕುಕ್ಕರಿನಲ್ಲಿ ಮುಕ್ಕಾಲು ಬೇಯಿಸಿ, ಅದಕ್ಕೆ ದಂಟಿನ ಸೊಪ್ಪನ್ನು ದಂಟು ಸಮೇತ ಹೆಚ್ಚಿ ಹಾಕು, ಉಪ್ಪು ಹಾಕಿ ಮುಚ್ಚದೆ ಬೇಯಿಸು. ಬೆಂದ ಮೇಲೆ ಬಸಿ. ನೀರು ಒಂದು ಪಾತ್ರೆಗೆ, ಸೊಪ್ಪುಕಾಳು ಇನ್ನೊಂದಕ್ಕೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಜೀರಿಗೆ, ಚೂರು ಕಾಯಿ, ಹುಣಸೆಹಣ್ಣು, ಅದರ ಜೊತೆ ಬೆಂದ ಸೊಪ್ಪುಕಾಳಿನಲ್ಲೇ ಒಂದು ಹಿಡಿ ಹಾಕಿ ನುಣ್ಣಗೆ ರುಬ್ಬಿ, ಬಸಿದ ಕಟ್ಟಿಗೆ ಕದಡಿ ಕುದಿಸಿದರೆ ಸಾರು. ಮಿಕ್ಕ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟು ಕಾಯಿ ತುರಿ ಉದುರಿಸಿದರೆ ಪಲ್ಯ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಪದಾರ್ಥ. ಸೊಪ್ಪಿನ ಸತ್ವ ಸಿಂಕಿಗೆ ಹೋಗುವ ಮಾತೇ ಇಲ್ಲ. ಇನ್ನೊಂದು ಗುಟ್ಟು, ಮಾರನೇ ದಿನ ಮತ್ತೆ ಕುದಿಸಿ ಇಂಗಿಸಿದ ಬಸ್ಸಾರಿಗೆ ಇರುವ ರುಚಿ ಮೊದಲ ದಿನದ್ದಕ್ಕಿಲ್ಲ. ನಮ್ಮ ಮನೆಯ ಗಂಡಸರು ಆ ಎರಡನೇ ದಿನಕ್ಕೇ ಕಾದಿರುತ್ತಿದ್ದರು. ನಿನ್ನೆಯದು ಅಂದರೆ ಮುಖ ಸಿಂಡರಿಸುವ ಅಭ್ಯಾಸ ನಿಮ್ಮ ಮನೆಗೆ ಬಾರದಿರಲಿ.

ಸಿಪ್ಪೆಗಳ ವಿಚಾರ ನಿನಗೆ ಗೊತ್ತೇ ಇದೆ: ಹೀರೇಕಾಯಿ ಸಿಪ್ಪೆ ಚಟ್ನಿ, ಕಿತ್ತಳೆ ಸಿಪ್ಪೆ ಗೊಜ್ಜು, ಹೂಕೋಸಿನ ದಂಟು ಹುಳಿಗೆ. ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಈರುಳ್ಳಿ ಹಾಕಿದರೆ ಅಂಬಲಿ. ಅನ್ನ ಮಾತ್ರ ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಬಿಡಬೇಡ, ಆರಿದ ಕೂಡಲೇ ಫ್ರಿಜ್ಜಿಗಿಡು. ಉಳಿಸಬೇಕು ಅಂತ ಹಳಸಿದ್ದನ್ನು ತಿಂದು ಆಸ್ಪತ್ರೆ ಸೇರುವುದು ಜಾಣತನವಲ್ಲ.

ಅಡುಗೆಮನೆಯ ಬಕೆಟ್ಟಿನಿಂದ ಹೊರಗೆ ಹೋದದ್ದು ಎಲ್ಲಿಗೆ ಹೋಗುತ್ತೆ ಅಂತ ಬೆಂಗಳೂರಿನವರಿಗೆ ಬಹಳ ಕಾಲ ಗೊತ್ತಿರಲಿಲ್ಲ. ಮಾವಳ್ಳಿಪುರದವರು, ಮಂಡೂರಿನವರು ನಮ್ಮೂರಿಗೆ ನಿಮ್ಮ ಕಸದ ಲಾರಿ ಬೇಡ ಅಂತ ರಸ್ತೆಗಿಳಿದಾಗ ಗೊತ್ತಾಯಿತು. 2012ರಲ್ಲಿ ಒಂದು ಕಡೆ, 2014ರಲ್ಲಿ ಇನ್ನೊಂದು ಕಡೆ. ಅವರ ಬಾವಿ ಕೆಡಿಸಿದ್ದು, ನೊಣ ಎಬ್ಬಿಸಿದ್ದು ಪ್ಲಾಸ್ಟಿಕ್ ಒಂದೇ ಅಲ್ಲ, ಕೊಳೆತ ಊಟ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತು ಎಸೆದ ಆಹಾರ 105 ಕೋಟಿ ಟನ್. ಅದರಲ್ಲಿ ಐದರಲ್ಲಿ ಮೂರು ಪಾಲು ಹೋಟೆಲಿನದಲ್ಲ, ಅಂಗಡಿಯದಲ್ಲ, ಮನೆಗಳದ್ದು. ಬೆಳೆಯೋಕೆ ಹರಿಸಿದ ನೀರು, ಹಾಕಿದ ಗೊಬ್ಬರ, ಸುಟ್ಟ ಡೀಸೆಲ್ ಎಲ್ಲ ಅದರ ಜೊತೆಗೇ ಹೋಯಿತು. ನಮ್ಮ ಮದುವೆಮನೆಗಳಂತೂ ಕೇಳಬೇಡ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಕಲ್ಯಾಣಮಂಟಪಗಳಲ್ಲಿ ಲೆಕ್ಕ ಹಾಕಿ, ಆ ಒಂದೇ ಊರಿನ ಮದುವೆಗಳಲ್ಲಿ ವರ್ಷಕ್ಕೆ 900 ಟನ್ನಿಗೂ ಹೆಚ್ಚು ಊಟ ಎಲೆಯಲ್ಲೇ ಉಳಿದು ಹೋಗುತ್ತೆ ಅಂತ 2012ರಲ್ಲಿ ಹೇಳಿದರು. ನಿನ್ನ ಮದುವೆಯಲ್ಲಿ ಎಷ್ಟು ಬಗೆ ಸಿಹಿ ಇತ್ತು ಅಂತ ನಾನು ನೆನಪಿಸುವುದಿಲ್ಲ, ನಿಮ್ಮಪ್ಪನ ಖುಷಿ ಅದು.

ಕಸ ಕಡಿಮೆಯಾಗಬೇಕಾದರೆ ದಿನಕ್ಕೊಂದು ಸಲ ಫ್ರಿಜ್ಜಿನ ಹಿಂಭಾಗಕ್ಕೆ ಕೈ ಹಾಕು. ಅಲ್ಲಿ ಅಡಗಿಕೊಂಡಿರುವ ಅರ್ಧ ಸೌತೆಕಾಯಿ, ಬಾಡಿದ ಕೊತ್ತಂಬರಿ ಸೊಪ್ಪು, ಒಂದು ಸೌಟು ಬೇಳೆ, ಮೊದಲು ಅವುಗಳಿಗೆ ದಾರಿ ತೋರಿಸು, ಆಮೇಲೆ ಹೊಸದು. ಶನಿವಾರ ರಾತ್ರಿ ಏನೂ ಕೊಳ್ಳದೆ ಮನೆಯಲ್ಲಿರುವುದರಲ್ಲೇ ಅಡುಗೆ ಮಾಡಿ ನೋಡಿ. ಕೂಟು, ಬಿಸಿಬೇಳೆಬಾತು, ಬೆರಕೆ ಸೊಪ್ಪಿನ ಸಾರು ಹುಟ್ಟಿದ್ದೇ ಇಂಥ ಶನಿವಾರಗಳಲ್ಲಿ ಇರಬೇಕು ಅಂತ ನನ್ನ ಅನುಮಾನ.

ಅಳಿಯಂದಿರ ವಿಚಾರ. ಕುಂದಾಪುರದವರು, ಮೀನಿಲ್ಲದೆ ಊಟ ಇಳಿಯದು ಅಂತ ಮೊದಲ ದಿನವೇ ಹೇಳಿದರು, ನನಗೆ ಅವರ ನೇರ ಮಾತು ಹಿಡಿಸಿತು. ಮೀನು ಬಿಡಿಸೋಕೆ ಹೋಗಬೇಡ. ಅವರ ಕಡಲಿಗೂ ಒಂದು ಪಂಚಾಂಗ ಇದೆ, ಅದನ್ನು ಪಾಲಿಸಿದರೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ ಅಂತ. ಆ ಎರಡು ತಿಂಗಳು ಬೆಂಗಳೂರಿನ ಅಂಗಡಿಯಲ್ಲಿ ಮೀನು ರಾಶಿ ಬಿದ್ದಿದ್ದರೆ ಎಲ್ಲಿಂದ ಬಂತು ಅಂತ ಕೇಳಿ. ಅವರ ಅಜ್ಜಿಯ ಮನೆಯಲ್ಲಿ ಮಳೆಗಾಲಕ್ಕೆ ಬೇರೆಯೇ ಊಟವಿತ್ತಲ್ಲ: ಮಾಡಿಗೆ ಕಟ್ಟಿಟ್ಟ ಒಣ ಮೀನು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕೆಸುವಿನ ಎಲೆ, ಕಳಲೆ, ಕುಚ್ಚಲಕ್ಕಿ ಗಂಜಿ. ಉಳಿದ ತಿಂಗಳಲ್ಲಿ ಅಂಜಲ್ ಮೀನಿಗೆ ಜೋತುಬೀಳುವ ಬದಲು ಬೂತಾಯಿ, ಬಂಗುಡೆ ತನ್ನಿ. ಸಣ್ಣ ಮೀನು ಬೇಗ ಬೆಳೆಯುತ್ತೆ, ಬೇಗ ಮರಿ ಹಾಕುತ್ತೆ, ಜೇಬಿಗೂ ಹಗುರ. ಇನ್ನೂ ಬೆಳೆಯದ ಅಂಜಲ್ ಮರಿಯನ್ನು ಅಗ್ಗ ಅಂತ ಕೊಂಡರೆ ಮುಂದಿನ ವರ್ಷದ ಮೀನನ್ನು ಈಗಲೇ ತಿಂದ ಹಾಗೆ.

ಕೋಳಿ, ಕುರಿಗೂ ನನ್ನ ಮಾತು ಅದೇ. ನಮ್ಮ ಕಾಲದಲ್ಲಿ ಬಾಡೂಟ ಅಂದರೆ ವರ್ಸತೊಡಕು, ಊರಹಬ್ಬ, ನೆಂಟರು ಬಂದ ದಿನ. ಈಗ ಬ್ರಾಯ್ಲರ್ ಕೋಳಿ ಬದನೆಕಾಯಿಯಷ್ಟು ಸಲೀಸು. ಆ ಕೋಳಿ ಏನು ತಿನ್ನುತ್ತೆ ಗೊತ್ತೇ? ದಾವಣಗೆರೆ, ಹಾವೇರಿ ಕಡೆ ಜೋಳ, ಕಾಳು ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಇವತ್ತು ಮೆಕ್ಕೆಜೋಳ. ಅದರಲ್ಲಿ ದೊಡ್ಡ ಪಾಲು ಕೋಳಿಮೇವಿಗೆ ಹೋಗುತ್ತೆ. ದಿನಾ ಬೇಡ, ಬಂದ ದಿನ ಚೆನ್ನಾಗಿ ಮಾಡಿ, ಮೂಳೆಯ ರಸವನ್ನೂ ಬಿಡದೆ ಸಾರಿಗೆ ಹಾಕಿ. ತಿನ್ನುವವರು, ತಿನ್ನದವರು ಅಂತ ಮೇಲುಕೀಳಿನ ಮಾತು ನಿಮ್ಮ ಮನೆಯಲ್ಲಿ ಕೇಳಿಸಬಾರದು. ನೆಲ ಉಳಿಸುವ ನೆಪದಲ್ಲಿ ಜಾತಿಯ ಮಡಿ ಒಳಗೆ ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಮಾತಿದೆ, ಇದನ್ನು ಅಳಿಯಂದಿರಿಗೆ ಗಟ್ಟಿಯಾಗಿ ಓದಿ ಹೇಳು. ನಾನು ಮೇಲೆ ಬರೆದದ್ದರಲ್ಲಿ ಅರ್ಧ ಕೆಲಸ ಕೈಯದ್ದು. ಸೊಪ್ಪು ಸೋಸಬೇಕು, ಕಾಳು ನೆನೆಸಬೇಕು, ಅವರೆ ಹಿತುಕಬೇಕು, ರಾಗಿ ಗಿರಣಿಗೆ ಒಯ್ಯಬೇಕು. ಹಿಂದಿನವರು ಚೆನ್ನಾಗಿ ಉಂಡರು ಅನ್ನುತ್ತಾರಲ್ಲ, ಆ ಊಟಕ್ಕೆ ನಮ್ಮಜ್ಜಿ ಕೋಳಿ ಕೂಗುವ ಮುಂಚೆ ಎದ್ದು ಬೀಸುಕಲ್ಲು ತಿರುಗಿಸಿದ್ದಳು. ಅವಳ ಅಂಗೈ ಮುಟ್ಟಿದರೆ ಹಲಸಿನ ಸಿಪ್ಪೆ ಮುಟ್ಟಿದ ಹಾಗಿತ್ತು. ನಿನಗೂ ಆಫೀಸಿದೆ. ಭೂಮಿಯ ಹೊರೆ ಇಳಿಸೋಕೆ ಹೋಗಿ ಎಲ್ಲವನ್ನೂ ನಿನ್ನ ತಲೆಗೆ ಹೊತ್ತುಕೊಂಡರೆ ಆರು ತಿಂಗಳಿಗೆ ಬೇಸತ್ತು ಮತ್ತೆ ಫೋನು ಹಿಡಿಯುತ್ತೀಯ. ಆದ್ದರಿಂದ ರಾತ್ರಿ ಟಿ.ವಿ. ನೋಡುತ್ತಾ ಇಬ್ಬರೂ ಸೊಪ್ಪು ಸೋಸಿ. ಮುದ್ದೆ ತಿರುವುವುದು ತೋಳಿನ ಕೆಲಸ, ಅದನ್ನು ಅವರೇ ಕಲಿಯಲಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು; ಕುದಿಯುವ ನೀರಿನ ನಡುವೆ ಹಿಟ್ಟು ಗೋಪುರದ ಹಾಗೆ ಸುರಿದು, ಕಲಕದೆ ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ಗಂಟಿಲ್ಲದ ಹಾಗೆ ತಿರುವಬೇಕು. ಮೊದಲ ಸಲ ಗಂಟಾಗುತ್ತೆ. ನಕ್ಕುಬಿಡಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಈ ತಿಂಗಳು ಸಂತೆ ನೋಡಿ ಸಾರು ಮಾಡುವುದೊಂದನ್ನು ಹಿಡಿಯಿರಿ, ಉಳಿದದ್ದು ಅದರ ಹಿಂದೆಯೇ ಬರುತ್ತೆ. ಆಮೇಲೆ ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಬೇಡಿ. ಬೇರೆಯವರ ಮನೆಗೆ ಹೋದಾಗ ಕೊಟ್ಟದ್ದನ್ನು ಬೇಡ ಅನ್ನದೆ, ಎಲೆಯಲ್ಲಿ ಬಿಡದೆ ತಿಂದು ಬನ್ನಿ. ಪನೀರ್ ಮಾಡಿದ್ದರೆ ಪನೀರ್.

ಗುರುವಾರ ನಿಮ್ಮ ಚಿಕ್ಕಪ್ಪ ಬೆಂಗಳೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಹತ್ತು ಕೆಜಿ ರಾಗಿ, ಎರಡು ಸೇರು ಹುರುಳಿ, ಹೊಸ ಹುಣಸೆಹಣ್ಣು ಕಳಿಸುತ್ತಿದ್ದೇನೆ. ಹುರುಳಿಯಲ್ಲಿ ಕಲ್ಲು ಇದೆ, ಆರಿಸಿಕೋ. ಹುಣಸೆಗೆ ಕಲ್ಲುಪ್ಪು ಬೆರೆಸಿ ಗಾಜಿನ ಜಾಡಿಯಲ್ಲಿಡು, ಸ್ಟೀಲು ಬೇಡ. ಪತ್ರೊಡೆ ಹೇಗೆ ಮಾಡೋದು ಅಂತ ಕೇಳಿದ್ದೀಯಲ್ಲ, ಅದು ನನಗೆ ಬರುವುದಿಲ್ಲ, ನಿಮ್ಮತ್ತೆಯವರಿಗೆ ಫೋನ್ ಮಾಡು. ಅಕ್ಕಿ ಎಷ್ಟು ನೆನೆಸಿದೆ ಅಂತ ಅವರು ಕೇಳುವುದಿಲ್ಲ. ಕೆಸುವಿನ ಎಲೆ ಎಲ್ಲಿಯದು, ಯಾವ ಜಾತಿಯದು, ತುರಿಸುತ್ತದೆಯೋ ಇಲ್ಲವೋ ಅಂತ ಮೊದಲು ಕೇಳುತ್ತಾರೆ. ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡು.

ನಿನ್ನ ದೊಡ್ಡಮ್ಮ